ಜರಡಿ

ಬ್ಯಾಡಗಿ, ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದಿನ ಅಂಗನವಾಡಿ.
ಇಲ್ಲಿ ಗಾಳಿಗೂ ಸೀನು ಬರತೈತಿ.
ಇವತ್ತ ಆಕಾಶ ಮಾಡೂದು ಅಂತ ಮಕ್ಕಳಿಗೆ ಮಾತು ಕೊಟ್ಟೀನಿ.

ಮನಿಯಿಂದ ತಂದೆ ಒಂದು ಪರಾತ,
ಎರಡು ಪಾವು ಜೋಳದ ಹಿಟ್ಟು, ಅತ್ತಿ ಹೊಲಿದ ಹಳೇ ಕೌದಿ.
ಹಿಟ್ಟು ನಮ್ಮನೀದ, ರಿಜಿಸ್ಟರಿನ್ಯಾಗ ಸಿಗಂಗಿಲ್ಲ.

ಅಂಗೈಲೆ ಸಪಾಟ ಮಾಡಿ ಅಂದೆ, ಇದು ಚಂದ್ರ.
ಯಾರೂ ನಂಬಲಿಲ್ಲ.
ಬಿಬಿಜಾನ್ ನಿಂತಲ್ಲಿಂದ ಒಂದು ಹುಣಸೀಬೀಜ ಬಿಟ್ಟಳು.
ಪುಸಕ್!
ಕುಣಿ ಬಿತ್ತು, ಸುತ್ತಲೂ ಸಣ್ಣ ದಂಡಿ ಎದ್ದಿತು.
ಆಮ್ಯಾಲೆ ಬಿದ್ದವು ನೋಡ್ರಿ,
ಗಜ್ಜಗ, ಅಂಗಿ ಗುಂಡಿ, ಬಳಿಚೂರು,
ಮುಂಜಾನಿ ಉದುರಿದ್ದ ಹೊನ್ನಪ್ಪನ ಹಾಲುಹಲ್ಲು ಸುದ್ದಾ.
"ಟೀಚರ್, ಚಂದ್ರಗ ಸಿಡುಬು ಆಗೇತಿ!"
"ಎಂಟು ರೊಟ್ಟಿ ಆಗತಿದ್ದವು," ಅಂದಳು ಸಹಾಯಕಿ ಕಾಶವ್ವ,
ಅಂದು, ತಾನೂ ಒಂದು ಗಜ್ಜಗ ಬಿಟ್ಟಳು.

ಎರಡು ಕುರ್ಚಿ ನಡುವ ಕೌದಿ ಹೊದಿಸಿದೆ.
ಒಳಗ ಹೊಕ್ಕವರು ಮೊದಲ ನಕ್ಕರು, ಒಬ್ಬರನ್ನೊಬ್ಬರು ಚಿವುಟಿದರು,
ಆಮ್ಯಾಲೆ ಗಪ್ಪಾದರು.
ಹೊಲಿಗಿ ಬಿಚ್ಚಿದಲ್ಲೆಲ್ಲಾ ಸೂಜಿಮೊನಿಯಷ್ಟು ಬೆಳಕು.
ಅತ್ತಿ ಇದ್ದಿದ್ದರ ದಾರ ತಂದು ಕುಂಡರತಿದ್ದಳು
ಒಂದೊಂದ ಚಿಕ್ಕಿ ಹೊಲಿದು ಮುಚ್ಚಾಕ.

ಕಡೀಕ ಒಂದು ಒಣಮೆಣಸಿನಕಾಯಿ ಎತ್ತಿ ಹಿಡಿದೆ.
ಮುಟ್ಟಬ್ಯಾಡ್ರಿ, ಕೇಳ್ರಿ ಅಷ್ಟ.
ಅಲ್ಲಾಡಿಸಿದರ ಒಳಗ ಬೀಜ ಗಿಲಿಗಿಲಿ.
ಇದು ಮಂಗಳ. ನೋಡಾಕ ಕೆಂಪು, ಆದರ ಸುಡಂಗಿಲ್ಲ, ಬಾಳ ಥಂಡಿ.
ನಮ್ಮೂರ ಕಾಯಿ ಹಂಗ, ಬಣ್ಣ ಜಗ್ಗಿ, ಖಾರ ಕಮ್ಮಿ.
ರಾತ್ರಿ ಕುಂತು ಹೊಂದಿಸಿದ ಮಾತು ಅದು,
ಹೇಳಿ ನನಗ ನಾನ ಹಿಗ್ಗಿದೆ.

ಮಾಲತೇಶ ಎದ್ದು ನಿಂತ.
"ಸುಡತೈತಿ."
ಅವರವ್ವ ದಿನಾ ಕಾಯಿ ತುಂಬು ಬಿಡಸತಾಳ,
ರಾತ್ರಿ ಬೋಗಾಣಿ ನೀರಾಗ ಕೈ ಅದ್ದಿ ಕುಂತಿರತಾಳ,
ಇವನ ಮಾರಿ ಒರಸೂದು ಸೆರಗಿನ ತುದೀಲೆ, ಕೈಲೆ ಅಲ್ಲ.
"ಸುಡಂಗಿಲ್ಲ ಅಂತ ಯಾರ ಹೇಳ್ಯಾರ ನಿಮಗ?"

ಯಾರ ಹೇಳ್ಯಾರ. ಪುಸ್ತಕ ಹೇಳೇತಿ.
ನಾನು ಕಾಯಿ ಕೆಳಗಿಟ್ಟೆ.

ನಾಕರ ಸುಮಾರಿಗೆ ಅವರವ್ವ ಬಂದಳು,
ಮೂಗಿಗೆ ಸೆರಗು ಕಟಗೊಂಡು, ಉಗುರ ಸಂದಿ ಕೆಂಪಗ.
ಹುಡುಗ ಏನೂ ಹೇಳದ ಆಕಿ ಮಣಿಕಟ್ಟು ಹಿಡದು ಎಳದ,
ಎರಡೂ ಕೈ ಪರಾತದಾಗ ಒತ್ತಿದ.
"ತಂಪ ಐತೇನ?"
ಆಕಿ ನನ್ನ ಕಡೆ ನೋಡಿದಳು, ನಾಚಿಗೊಂಡು.
ಕೈ ಮಾತ್ರ ತಗೀಲಿಲ್ಲ.

ಈಗ ಎಲ್ಲಾರೂ ಹೋಗ್ಯಾರ.
ಕುಣಿಗಳ ನಡುವ ಹತ್ತು ಬೆರಳಿನ ಗುರುತು,
ಅಂಚಿನ್ಯಾಗ ನಸುಗೆಂಪು.
"ಇನ್ನ ಇದನ್ನ ಆಡು ಸುದ್ದಾ ಮೂಸಂಗಿಲ್ಲ,"
ಅನಕೋತ ಕಾಶವ್ವ ಪರಾತ ಎತ್ತಾಕ ಹೋದಳು.
ತಡೀ ಅಂದೆ.
ಹೊನ್ನಪ್ಪನ ಹಲ್ಲು ಇನ್ನೂ ಚಂದ್ರನಾಗ ಐತಿ,
ನಾಳೆ ಬಂದು ಕೇಳತಾನ.
ಜರಡಿ ತಾ.