ಸಾಕ್ಷಿ ಹನ್ನೊಂದು

ಗದಗ ಟೇಸನ್ನಿನ ಮ್ಯಾಲಿನ ಖೋಲಿ.
ಮೂರ ದಿನಾ ಆತು, ಆಯುಕ್ತರು ಕೇಳಿ, ನಾ ಟೈಪು ಹೊಡದು.
ಪೇಪರಿನ್ಯಾಗ ಹಾಕಿದ್ರು: ತಿಳಿವಳಿಕೆಯುಳ್ಳ ಸಾರ್ವಜನಿಕರು
ಖುದ್ದು ಹಾಜರಾಗಿ ಹೇಳಿಕೆ ನೀಡಬಹುದು.
ಯಾರೂ ಬರೂದಿಲ್ಲಂತ ಗೊತ್ತಿತ್ತು.
ಆದ್ರೂ ಖುರ್ಚಿ ನಾಕ ಇಟ್ಟಿದ್ವಿ.

ಮೊದಲ ದಿನ ಡ್ರೈವರು, ಗಾರ್ಡು, ಹುಲಕೋಟಿ ಮಾಸ್ತರು.
ಮರುದಿನ ಕೀಮನ್ ಹಜರೇಸಾಬ ನದಾಫ,
ಇಪ್ಪತ್ತಾರ ವರ್ಷ ಹಳಿಗುಂಟ ನಡದಾಂವ.
ಆಯುಕ್ತರು ಕಲಮು ಓದಿ ಬಿಡಿಸಿ ಹೇಳಿದ್ರು:
ಇಲ್ಲಿ ಆಡಿದ ಮಾತು ನಿನ್ನ ಮ್ಯಾಲ ಖಟ್ಲೆಕ್ಕ ಬರೂದಿಲ್ಲ,
ಸುಳ್ಳ ಹೇಳಿದ್ರಷ್ಟ ಬರ್ತೈತಿ.
ಅಂವ ನನ್ನ ಕಡೆ ನೋಡಿದ. ನಾ ಹೂಂ ಅಂದೆ.
ಹೂಂ ಅನ್ನೂದು ನನ್ನ ಕೆಲಸ ಅಲ್ಲ.

"ಎರಿಭೂಮಿರಿ. ಮಳಿ ಬಿದ್ರ ಉಬ್ಬತೈತಿ, ಬಿಸಲಿಗೆ ಬಾಯಿ ಬಿಡತೈತಿ.
ತನ್ನ ಮ್ಯಾಲ ಹಳಿ ಮಲಗೇತಿ ಅಂತ ಅದಕ್ಕೇನ ಖಬರು?
ಬಡದ ನೋಡಿದ್ನಿರಿ. ಟಣ್ ಅನಬೇಕು.
ಟಪ್ ಅಂತು."

ನಾ ಹೊಡದೆ: ಅಸಹಜ ಶಬ್ದ ಕೇಳಿಬಂದಿತ್ತೆಂದು
ಸಾಕ್ಷಿದಾರರು ತಿಳಿಸಿರುತ್ತಾರೆ.
ಆ ಟಪ್ ಎಲ್ಲಿ ಹೋತು?

ಬಗಲಾಗಿಂದ ಡೈರಿ ತಗದ. ಮೂರ ಸಲ ಬರದಿದ್ದ,
ಮೂರ ಸಲ ಸಹಿ ಮಾಡಿಸಿದ್ದ.
ಸಹಿ ಯಾರದಂತ ಯಾರೂ ದನಿ ತಗದು ಓದಲಿಲ್ಲ.
ಡೈರಿ ಅನುಬಂಧ ಎರಡಾತು.

ಮೂರನೇ ದಿನ ಊಟಕ್ಕ ಏಳೂ ಹೊತ್ತಿಗೆ
ಬುಟ್ಟಿ ಸಮೇತ ಮೆಟ್ಟಲಾ ಹತ್ತಿ ಬಂದ್ಳು ದುಂಡವ್ವ ಕಲಾಲ.
ಓದಾಕ ಬರೂದಿಲ್ಲ ಆಕಿಗೆ. ಪೇರಲಹಣ್ಣು ಕಟ್ಟಾಕ
ಪೇಪರು ಹರಿಯೂದ್ರಾಗ, ಕೊಳ್ಳಾಂವ ಓದಿ ಹೇಳಿದ್ನಂತ.

"ಅವತ್ತ ನಾ ಗಾಡ್ಯಾಗ ಇದ್ದಿಲ್ರೀ ಸಾಹೇಬ್ರ,
ಮೊಮ್ಮಗಳನ್ನ ತೊಟ್ಲಕ್ಕ ಹಾಕೂದಿತ್ತು.
ಅದರ ಹಿಂದಿನ ಎಂಟೂ ದಿನಾ ಇದ್ದೆ.
ಹುಲಕೋಟಿ ಬಿಟ್ಟು, ಎಲಿಗೆ ಸುಣ್ಣಾ ಹಚ್ಚಿ ಮಡಚೂದ್ರಾಗ
ಬುಟ್ಟಿ ಜಿಗೀತಿತ್ತು,
ಮ್ಯಾಲಿಂದೊಂದ ಹಣ್ಣ ಉರುಳಿ ಬೀಳತಿತ್ತು.
ದಿನಾ ಅಲ್ಲೇ. ದಿನಾ ಒಂದ."

ಅಳತಿ ಗಾಡಿಯ ನಕಾಶಿ ಮೇಜಿನ ತುಂಬ ಹಾಸಿತ್ತು.
ಇಂಜಿನಿಯರ ಒಬ್ರು ನಕ್ಕರು.
ಆಯುಕ್ತರು ಚಸ್ಮಾ ತಗದ್ರು. ಎಂಟ ದಿನಾನೋ, ಒಂಬತ್ತೋ?

"ಎಂಟ. ಎಂಟ ಹಣ್ಣಿನ ರೊಕ್ಕ ಬಂದಿಲ್ಲ ನನಗ.
ಬಾಗಲಾಗ ನಿಂದ್ರೂ ಹುಡುಗೊಬ್ಬ
ಆ ಜಾಗಾ ಬಂದ ಕೂಡ್ಲೆ ಬೊಗಸಿ ಒಡ್ಡತಿದ್ದ.
ಬೊಗಸ್ಯಾಗ ಬಿದ್ದದ್ದನ್ನ ತಿರುಗಿ ಕೇಳಾಕ ಬರ್ತೈತೇನ್ರೀ?"

ನಾ ಹೊಡದೆ: ಸದರಿ ಸ್ಥಳದಲ್ಲಿ ಬೋಗಿಯು
ಎಂಟು ದಿನಗಳಿಂದ ಕುಲುಕುತ್ತಿತ್ತು.
ಹುಡುಗನ್ನ ಬಿಟ್ಟೆ. ಕಾರಣಕ್ಕೂ ಅವಗೂ ಸಂಬಂಧಿಲ್ಲ.
ಹೆಬ್ಬಟ್ಟು ಒತ್ತಿಸಿಕೊಂಡೆ. ಮಸಿ ಸೆರಗಿಗೆ ಒರಸಿಕೊಂಡು
ಮೇಜಿನ ಮ್ಯಾಲ ಒಂದ ಹಣ್ಣಿಟ್ಟು ಹೋದ್ಳು.
ಸರಕಾರಿ ಮೇಜು. ಯಾರೂ ಮುಟ್ಟಲಿಲ್ಲ.

ಸಂಜಿಮುಂದ ಅನುಬಂಧ ನಾಕು:
ಮೃತರ ಬಳಿ ದೊರೆತ ವಸ್ತುಗಳು.
ಮೂರನೇ ಹೆಸರು. ವಯಸ್ಸು ಹತ್ತೊಂಬತ್ತು.
ಮಾಸಿಕ ಪಾಸು, ಅಣ್ಣಿಗೇರಿಯಿಂದ ಗದಗ.
ಕರೆಂಟ್ ನೋಡೂ ಟೆಸ್ಟರ್ ಒಂದು.
ಕಾಗದದ ಪೊಟ್ಟಣ ಒಂದು, ಉಪ್ಪು-ಖಾರ.

ಬೆರಳು ನಿಂತ್ವು.
ಪೊಲೀಸರು ಬರದದ್ದನ್ನ ಇದ್ದಂಗ ಹೊಡೀಬೇಕು.
ಹೊಡದೆ.

ರಾತ್ರಿ ಗಾಡಿಗೆ ಹುಬ್ಬಳ್ಳಿ ಕಡೆ ಹೊಂಟೆ.
ಹುಲಕೋಟಿ ಇನ್ನೂ ಬಂದಿದ್ದಿಲ್ಲ,
ಗಾಡಿ ಉಸಿರ ಹಿಡದು ಹೆಜ್ಜಿ ಹಾಕಾಕ ಹತ್ತಿತು.
ಕಿಟಕ್ಯಾಗ ಹಳದಿ ಹಲಗಿ: ಮೂವತ್ತು.
ಹಾರಿ ಹಿಡದ ನಾಕ ಮಂದಿ ಬ್ಯಾಟರಿ ಬೆಳಕಿನ್ಯಾಗ
ಬಾಜೂಕ ಸರದು ನಿಂತಿದ್ರು. ಹಜರೇಸಾಬ ಇದ್ನೋ ಏನೋ,
ಮಾರಿ ಕಾಣಲಿಲ್ಲ.

ಚೀಲದಾಗ ಆ ಹಣ್ಣಿತ್ತು, ಯಾವಾಗ ಹಾಕ್ಕೊಂಡಿದ್ನೋ.
ತೊಡಿ ಮ್ಯಾಲ ಇಟಗೊಂಡು,
ಕೈ ಬಿಟ್ಟು ನೋಡಿದೆ.

ಜಿಗೀಲಿಲ್ಲ.