ತೂಕದ ನೀರು

ಪೊನ್ನಂಪೇಟೆಯ ನಮ್ಮ ಕಾಲೇಜಿಗೆ
ಥರ್ಮಕೋಲಿನ ಗೂಡೊಳಗೆ ಕೂತು ಬಂತು ಸೀಸೆ,
ಅಂಗೈಯುದ್ದದ್ದು. ಬೆಲೆ
ನನ್ನ ಎರಡು ತಿಂಗಳ ಸಂಬಳ.
ನೋಡಿದರೆ ನೀರು.
ಅಲುಗಿಸಿದರೂ ನೀರು.
ತಕ್ಕಡಿಗಿಟ್ಟಾಗ ಮಾತ್ರ
ಅಷ್ಟೇ ಅಳತೆಯ ಪಕ್ಕದ ನೀರಿಗಿಂತ
ಹತ್ತಕ್ಕೊಂದು ಪಾಲು ಹೆಚ್ಚು ತೂಗಿ
ಸುಮ್ಮನಾಯಿತು.

"ಹೈಡ್ರೋಜನ್ನಿನಲ್ಲೇ ಇದೊಂದು ಬಗೆ, ಜೋಯಪ್ಪ,"
ಅಂದರು ಚೋಂದಮ್ಮ ಮೇಡಂ,
"ಒಳಗೆ ಇನ್ನೊಂದು ಕಾಳು ಹೆಚ್ಚು ಇಟ್ಟುಕೊಂಡದ್ದು."
ನನಗೆ ಕಂಡದ್ದು ಒಳ್ಳೆಮೆಣಸಿನ ಕಾಳು.
ಒಬ್ಬನ ಜೇಬಲ್ಲಿ ಒಂದು, ಇನ್ನೊಬ್ಬನ ಜೇಬಲ್ಲಿ ಎರಡು;
ನಡಿಗೆಯಲ್ಲಿ ಗೊತ್ತಾದೀತೇ?

ಗೊತ್ತಾಗುತ್ತದೆ ಎಂದು ಮೊದಲು ಹೇಳಿದ್ದು ಫ್ರಿಜ್ಜು.
ಡಿಸೆಂಬರಿನ ರಾತ್ರಿ ಅದರ ಮುಳ್ಳು ಮೂರಕ್ಕಿಳಿದಿತ್ತು.
ಬೆಳಗ್ಗೆ ತೆರೆದರೆ
ಮಿಕ್ಕ ಬಾಟಲಿಗಳೆಲ್ಲ ನೀರಾಗಿಯೇ ಇವೆ,
ಇದೊಂದು ಕಲ್ಲು!
ಕೆಲಸ ಹೋಯಿತೆಂದುಕೊಂಡೆ.
ಮೇಡಂ ನಕ್ಕರು. ನೂರಿನ್ನೂರು ರೂಪಾಯಿಯಷ್ಟು ಚೂರು ಕೆತ್ತಿ
ನಲ್ಲಿನೀರಿನ ಬೀಕರಿಗೆ ಹಾಕಿದರು:
ಮುಳುಗಿತು ಮಂಜುಗಡ್ಡೆ,
ಬಾವಿಗೆ ಜಾರಿದ ಕೊಡದ ಹಾಗೆ
ತಳಕ್ಕೆ ಹೋಗಿ ಕೂತಿತು.

ಹುದಿಕೇರಿ ಕಡೆಯ ತೋಟದ ರೈಟರ್ ಪಳಂಗಪ್ಪ
ಪಲ್ಪರಿನ ತೊಟ್ಟಿಯಿಂದ ತಂದುಕೊಟ್ಟ ಲೋಳೆನೀರು.
ಅದರೊಳಗೆ ಹುಳಿಬರಿಸುವ ಯೀಸ್ಟು.
ತೊಟ್ಟಿಯಲ್ಲಿ ಅವಕ್ಕೆ ಒಂದೂವರೆ ದಿನದ ಕೆಲಸ.
ಪಳಂಗಪ್ಪ ಗಡಿಯಾರ ನೋಡುವವನಲ್ಲ:
ತೋಳು ಮಡಚಿ ಕೈಯಿಳಿಸಿ
ಹಿಡಿ ಬೀಜ ಉಜ್ಜುತ್ತಾನೆ.
ಜಾರಿದರೆ, ಇನ್ನೂ ಇದೆ.
ಗರಗರ ಅಂದರೆ, ತೊಳೆಯಲು ಹೊತ್ತಾಯಿತು.

ಮೂರು ಫ್ಲಾಸ್ಕು. ಒಂದೇ ಸಕ್ಕರೆ, ಒಂದೇ ಬಿಸುಪು.
ಒಂದರಲ್ಲಿ ಬಟ್ಟಿಯಿಳಿಸಿದ ನಮ್ಮೂರ ನೀರು,
ಇನ್ನೊಂದು ಅರ್ಧಕ್ಕರ್ಧ,
ಕೊನೆಯದರಲ್ಲಿ ನೂರಕ್ಕೆ ತೊಂಬತ್ತು ಭಾರ.
ಮೊದಲನೆಯದು ಮರುದಿನ ತಿಂಡಿ ಹೊತ್ತಿಗೇ
ಅಕ್ಕಿ ತೊಳೆದ ನೀರು.
ಎರಡನೆಯದು ಅದೇ ಬಣ್ಣಕ್ಕೆ ಬರುವಾಗ
ಕೊನೆಯ ಬಸ್ಸು ಹೋಗಿಯಾಗಿತ್ತು.
ಮೂರನೆಯದರ ಆಚೆ ಹಿಡಿದ ಪೇಪರನ್ನು
ಎರಡು ದಿನ ಕಳೆದರೂ ಓದಬಹುದಿತ್ತು:
ಮೆಣಸಿನ ಧಾರಣೆ, ಒಂದು ಮದುವೆ, ಎರಡು ಮರಣ.

"ಬೆಳವಣಿಗೆ ಇಲ್ಲ" ಎಂದು
ಶಾಯಿಯಲ್ಲಿ ಬರೆದರು ಮೇಡಂ.
"ಆಟೋಕ್ಲೇವಿಗೆ ಹಾಕಿ ತೊಳೆದುಬಿಡಿ."
ಹಾಕುತ್ತಿದ್ದೆ. ಕರೆಂಟಿರಲಿಲ್ಲ.
ಮಾರನೆಯ ದಿನ ಭಾನುವಾರ,
ನೆಂಟರ ಮನೆಯಲ್ಲಿ ಹಂದಿ ಕಡಿದಿದ್ದರು, ಹೋದೆ.
ಕರುಣೆಯಿಂದಲ್ಲ, ನಂಬಿಕೆಯಿಂದಲೂ ಅಲ್ಲ,
ಹಾಗೇ ಉಳಿಯಿತು ಅದು ಮೂಲೆಯಲ್ಲಿ.

ಸೋಮವಾರ ಪೇಪರಿನ ಅಕ್ಷರ ಮಸುಕು.
ಕನ್ನಡಕ ಒರೆಸಿದೆ. ಆಗಲೂ ಮಸುಕು.

ಹನಿಯಿಟ್ಟು ಮಸೂರದಡಿ ನೋಡಿದೆವು:
ದಪ್ಪ ದಪ್ಪ ಕಣ,
ತಾಯಿಯ ಮೈಗೆ ಮೊಗ್ಗು, ಮೊಗ್ಗಿನ ಮೈಗೆ ಮತ್ತೊಂದು,
ಬಿಡಿಸಿಕೊಳ್ಳಲಾಗದೆ ಅಂಟಿಕೊಂಡೇ ಇದ್ದವು.
ಒಳಗಿನ ಪ್ರತಿ ಗಂಟೂ ತುಸು ಬಿಗಿಯಂತೆ;
ಬಿಚ್ಚಿ ಕಟ್ಟುವುದೇ ಬದುಕಾದವಕ್ಕೆ
ಬಿಚ್ಚುವುದರಲ್ಲೇ ದಿನ ಹೋಗುತ್ತದಂತೆ.
ಮೇಡಂ ಶಾಯಿಯ ಮೇಲೆ ಗೀಟೆಳೆದರು.
ಗೀಟಿನಡಿಯ "ಇಲ್ಲ" ಈಗಲೂ ಓದಬಹುದು.

ಅವನ್ನು ಮತ್ತೆ ನಮ್ಮೂರ ನೀರಿಗೆ ಬಿಟ್ಟೆವು.
ಓಡುತ್ತವೆಂದುಕೊಂಡಿದ್ದೆ.
ನಾಲ್ಕು ತಾಸು ಏನೂ ಮಾಡಲಿಲ್ಲ,
ಮೂಟೆ ಇಳಿಸಿದ ಮೇಲೂ
ತಲೆಗೆ ಕೈ ಹಿಡಿದೇ ನಿಂತ ಹಮಾಲಿಯ ಹಾಗೆ.

ಇದನ್ನೆಲ್ಲ ಪಳಂಗಪ್ಪನಿಗೆ ಹೇಳಿದೆ
ತೊಟ್ಟಿಯ ಕಟ್ಟೆ ಮೇಲೆ ಕೂತು.
ಸೀಸೆಯಲ್ಲಿ ಮಾತ್ರ ಅಲ್ಲ ಮಾರಾಯ,
ಆರು ಸಾವಿರ ಚಿಲ್ಲರೆಗೆ ಒಂದರಂತೆ ಎಲ್ಲ ನೀರಲ್ಲೂ ಉಂಟು,
ಲಕ್ಷ್ಮಣತೀರ್ಥದಲ್ಲಿ, ನಿನ್ನ ಕಾಫಿಯಲ್ಲಿ, ಬೆವರಲ್ಲಿ;
ಈ ಸಾವಿರ ಲೀಟರಿನ ತೊಟ್ಟಿಯಲ್ಲಿ
ಎಲ್ಲ ಕೂಡಿಸಿದರೆ ಒಂದು ಲೋಟ.

ಅವನು ಬಗ್ಗಿ ನೋಡಿದ.
ಹಿಡಿ ಬೀಜ ಎತ್ತಿ ಉಜ್ಜಿದ.
ಇನ್ನೂ ಜಾರುತ್ತಿತ್ತು.
"ಆ ಲೋಟ ಯಾವ ಮೂಲೇಲಿ ಉಂಟು ತೋರಿಸು,
ಎತ್ತಿ ಚೆಲ್ತೇನೆ.
ಇವತ್ತು ಬೇಗ ಮನೆಗೆ ಹೋಗ್ಬೇಕು."