ಪೌಡರು

ಎಡಕ್ಕೆ ತಿರುಗಿಸಿದರೆ ನರಳುತ್ತದೆ,
ಬಲಕ್ಕೆ ಸುಮ್ಮನೆ.
ಮೂವತ್ತಾರು ವರ್ಷದ ಪೋರ್ಷೆ. ಗ್ಯಾರೇಜಿನಾಚೆ
ಔಲುವಿನ ಮಾರ್ಚಿ ಹಿಮ, ಇನ್ನೂ ಮೊಣಕಾಲೆತ್ತರ.

ರಾತ್ರಿ ಕಾರಿನಡಿಗೆ ರಟ್ಟು ಹಾಸುತ್ತೇನೆ,
ಬೆಳಿಗ್ಗೆ ಕೆಂಪು ಬೊಟ್ಟು ಎಣಿಸುತ್ತೇನೆ:
ಮಂಗಳವಾರ ಏಳು, ಬುಧವಾರ ಹನ್ನೊಂದು.
ಪೆನ್ಸಿಲಿನಲ್ಲಿ ತಾರೀಖು ಬೇರೆ.

ಪಂಪಿನ ಸೀಲು ಅಂದುಕೊಂಡೆ, ಬದಲಿಸಿದೆ.
ಒತ್ತಡದ ಹೋಸು ಅಂದುಕೊಂಡೆ,
ಜರ್ಮನಿಯಿಂದ ತರಿಸಿ, ಗೆಣ್ಣು ಸುಲಿಸಿಕೊಂಡು ಕೂರಿಸಿದೆ.
ಗುರುವಾರ ಹದಿನಾಲ್ಕು.
ಇನ್ನುಳಿದದ್ದು ಸ್ಟೀರಿಂಗ್ ರ‍್ಯಾಕು.
ಅದರ ಬೆಲೆ ಹಿಲ್ಕಾಗೆ ಹೇಳಿಲ್ಲ.

ಅವಳೇ ಬಂದಳು, ಉಣ್ಣೆಯ ಕಾಲುಚೀಲದಲ್ಲೇ,
ನಲವತ್ತು ವರ್ಷ ಹೆರಿಗೆ ಮಾಡಿಸಿದ ಕೈ.
"ಮೊದಲು ಒರೆಸು. ಎಲ್ಲಾ."
ಆಮೇಲೆ ಜೇಬಿನಿಂದ ಪೌಡರು ಡಬ್ಬಿ ತೆಗೆದು
ಎಂಜಿನ್ನಿನ ಮಗ್ಗುಲಿಗೆಲ್ಲ ಉದುರಿಸಿದಳು,
ಆಗ ತಾನೇ ಮೀಯಿಸಿದ ಕೂಸೋ ಎಂಬಂತೆ.
"ಸ್ಟಾರ್ಟ್ ಮಾಡು. ತಿರುಗಿಸು.
ಇನ್ನೂ. ಇನ್ನೊಂದು ಸಲ.
ಹಾಂ, ಸಾಕು."

ಬಿಳುಪಿನ ಮೇಲೆ ಕೆಂಪು ಗೆರೆ.
ಹೊರಟದ್ದು ಮೇಲೆ, ಎಣ್ಣೆಡಬ್ಬಿಯ ಬುಡದಲ್ಲಿ,
ಸಡಿಲಾದ ಕ್ಲಿಪ್ಪಿನಿಂದ;
ನಳಿಗೆಯ ಬೆನ್ನು ಹಿಡಿದು ಒಂದೂವರೆ ಮೊಳ ನಡೆದು
ನಾನು ಬೈಯುತ್ತಿದ್ದ ಕಡೆ ಬಂದು
ತೊಟ್ಟಿಕ್ಕುತ್ತಿತ್ತು.

ಎರಡು ಯೂರೋದ ಕ್ಲಿಪ್ಪು.
ಶನಿವಾರ ರಟ್ಟು ಖಾಲಿ;
ಆದರೂ ತಾರೀಖು ಬರೆದೆ.

ಎಡಕ್ಕೆ ನರಳುವುದು ಮಾತ್ರ ನಿಂತಿಲ್ಲ.
"ವಯಸ್ಸು" ಅಂದಳು ಹಿಲ್ಕಾ,
ಯಾರದ್ದು ಅಂತ ಹೇಳಲಿಲ್ಲ.
ಬಾನೆಟ್ಟು ಎತ್ತಿದರೆ ಈಗಲೂ
ಬಿಸಿ ಎಣ್ಣೆಯ ಜೊತೆ
ಕೂಸಿನ ವಾಸನೆ.